ನಿಮ್ಮ ಮಾತ್ರೆ ನನಗೆ ಬೇಡ

ಅತ್ತೆ,

ಎದ್ದ ಕೂಡಲೇ ಇದನ್ನು ಓದಿ. ಕನ್ನಡಕ ಫ್ರಿಜ್ ಮೇಲಿದೆ.

ನಾನು ಇವತ್ತು ಇಸ್ತ್ರಿ ಅಂಗಡಿ ಕೆಲಸಕ್ಕೆ ಹೋಗ್ತಿಲ್ಲ, ಡಾಕ್ಟರ ಹತ್ತಿರ ಹೋಗ್ತಿದ್ದೀನಿ. ಬಚ್ಚಲಲ್ಲಿ ಮಲಗಿದ್ದು ನಿಮ್ಮ ಮೇಲಿನ ಮುನಿಸಿನಿಂದಲ್ಲ, ಈ ಮನೆಯಲ್ಲಿ ತಣ್ಣಗಿರೋ ನೆಲ ಅದೊಂದೇ. ಮೈಯೆಲ್ಲ ಕೆಂಡ. ಎದೆ ಹೊಡ್ಕೊಳ್ಳೋದು ನಿಲ್ತಿಲ್ಲ. ಕೈ ಎಷ್ಟು ನಡುಗ್ತಿದೆ ಅಂತ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ.

ನನ್ನ ಮಾತ್ರೆ ಇನ್ನೂ ಯಾಕೆ ಮುಗಿದಿಲ್ಲ ಅಂತ ಬೆಳಗ್ಗೆ ಡಬ್ಬಿ ಸುರಿದು ನೋಡಿದೆ. ಅರ್ಧಕ್ಕರ್ಧ ನಡುವೆ ಗೆರೆ ಇರೋವು, ನಿಮ್ಮವು. ಇಬ್ಬರಿಗೂ ಥೈರಾಯ್ಡ್ ಅನ್ನೋದು ನಿಜ. ಆದ್ರೆ ನಿಮ್ಮದು ಕಡಿಮೆ ಕೆಲಸ ಮಾಡುತ್ತೆ, ನನ್ನದು ಜಾಸ್ತಿ. ನಿಮ್ಮ ಮಾತ್ರೆ ನಾನು ನುಂಗಿದ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ನನ್ನ ಡಬ್ಬಿಗೆ ಹಾಕೋ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತಾ?

ಬೈಯೋಣ ಅಂತಲೇ ನಿಮ್ಮ ಕೋಣೆಗೆ ಬಂದೆ. ಈ ಸೆಕೆಯಲ್ಲೂ ಎರಡು ಕಂಬಳಿ ಹೊದ್ದು ಮುದುಡಿಕೊಂಡು ಮಲಗಿದ್ರಿ. ಪಕ್ಕದಲ್ಲಿದ್ದ ನಿಮ್ಮ ಡಬ್ಬಿ ಖಾಲಿ.

ಫ್ಯಾನ್ ಆರಿಸಿದ್ದೀನಿ. ನಿಮ್ಮ ಮಾತ್ರೆಗಳನ್ನೆಲ್ಲ ಆರಿಸಿ ತೆಗೆದು ದಿಂಬಿನ ಪಕ್ಕ ಇಟ್ಟಿದ್ದೀನಿ. ಖಾಲಿ ಹೊಟ್ಟೇಲಿ ಒಂದು ನುಂಗಿ. ನನಗೆ ಅಂತ ಒಂದನ್ನೂ ಎತ್ತಿಡಬೇಡಿ.