ಹೆಡರ್ಸೋ ಮ್ಯಾನಿಫೋಲ್ಡೋ

ಒಕಾಜಾಕಿ, ಜಪಾನ್
ಮಾರ್ಚ್ 9, 2025, ಭಾನುವಾರ

ಪ್ರೀತಿಯ ಕಾತ್ಯಾಯಿನಿಗೆ ನಿನ್ನ ಬಾಲು ಮಾಮನ ಆಶೀರ್ವಾದಗಳು.

ನಿನ್ನ ಹೆಸರಿನ ಹಿಂದೆ ಎರಡಕ್ಷರ ಬರೆದು ಹೊಡೆದು ಹಾಕಿರುವುದನ್ನು ನೋಡಿ ನೊಂದುಕೊಳ್ಳಬೇಡ. ನಿನ್ನ ಮದುವೆಯಾದಂದಿನಿಂದ ಪ್ರತಿ ಹಬ್ಬದ ಕಾಗದದಲ್ಲೂ ಚಿ. ಸೌ. ಎಂದೇ ಬರೆದವನು ನಾನು. ಕೈ ತಾನಾಗಿಯೇ ಬರೆಯಿತು, ಆಮೇಲೆ ಕಣ್ಣಿಗೆ ಬಿತ್ತು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಆರೋಗ್ಯ ಹೇಗಿದೆಯಮ್ಮ? ಊಟ ಸೇರುತ್ತಿದೆಯೇ? ಫೋನು ಎತ್ತುವುದಿಲ್ಲ ಎಂದು ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಹೋದ ತಿಂಗಳು ಒಂದೇ ಒಂದು ಸಾಲು ಕಳಿಸಿದ್ದೆ: ‘ಮಾಮ, ಪ್ರಶಾಂತ್ ಗ್ಯಾರೇಜ್ ಶಟರ್ ಯಾಕೆ ಮುಚ್ಕೊಂಡಿದ್ದ, ಅಷ್ಟು ತಿಳ್ಕೊಂಡು ಹೇಳಿ, ಬೇರೇನೂ ಬೇಡ.’ ಅದಕ್ಕೇ ಈ ಕಾಗದ. ಆದರೆ ನನ್ನ ಕ್ರಮದಲ್ಲಿ ಹೇಳುತ್ತೇನೆ, ಸಹಿಸಿಕೋ.

ನಾನು ಚೆನ್ನಾಗಿದ್ದೇನೆ. ನೀನು ಅಸ್ಥಿ ಹಿಡಿದು ಊರಿಗೆ ಹೋದ ಮೇಲೆ ಬಂದವನು, ಮನೆಯನ್ನು ಮುಕ್ಕಾಲು ಪಾಲು ಖಾಲಿ ಮಾಡಿದ್ದೇನೆ. ಏಳನೇ ಕ್ಲಾಸು ಓದಿದವನು ಜಪಾನಿನಲ್ಲಿ ಒಬ್ಬನೇ ಕಳೆದುಹೋಗುತ್ತಾನೆ ಎಂದು ಅಕ್ಕ ಹೆದರಿದ್ದಳು. ಅವಳಿಗೆ ಹೇಳು, ನಾನು ಇಲ್ಲಿ ಬಸ್ ಡ್ರೈವರನ್ನೇ ಕೈಸನ್ನೆಯಲ್ಲಿ ನಗಿಸಿದೆ, ಅವನ ಗಾಡಿಯ ಬೆಲ್ಟು ಕಿರುಗುಡುತ್ತಿದೆ ಎಂದೂ ತಿಳಿಸಿದೆ. ಊಟಕ್ಕೆ ಮೂಲೆಯ ಕೊಂಬಿನಿ ಅಂಗಡಿಯ ಅನ್ನದ ಉಂಡೆ. ಹನ್ನೊಂದು ದಿನದಿಂದ ಅದೇ. ಒಳಗೆ ಏನಿಟ್ಟಿದ್ದಾರೆಂದು ನಾನು ನೋಡುವುದಿಲ್ಲ, ನಾಲಿಗೆಯೂ ಕೇಳುವುದಿಲ್ಲ. ಪ್ರಶಾಂತನ ಅಂಗಿಗಳನ್ನು ಮಡಚಿ ಡಬ್ಬಿಗೆ ಹಾಕುವಾಗ ಅಳು ಬರಬಹುದೆಂದು ಬಾಗಿಲು ಹಾಕಿಕೊಂಡು ಕುಳಿತೆ. ಬರಲಿಲ್ಲ. ನನ್ನಕ್ಕನ ಒಬ್ಬನೇ ಮಗ, ನಾನೇ ಸೈಕಲ್ ಕಲಿಸಿದವನು. ಅಂಗಿಗಳನ್ನು ಎಣಿಸಿದೆ, ಹತ್ತೊಂಬತ್ತು.

ಪ್ರಶಾಂತನ ಹಳೇ ಕಾರಿನ ವಿಷಯಕ್ಕೆ ಬರುತ್ತೇನೆ. ಕೊಳ್ಳಲು ನಾಗೋಯಾದಿಂದ ಮೊರಿ ಸಾನ್ ಎಂಬವರು ಬಂದಿದ್ದರು. ಐವತ್ತು ವರ್ಷ ದಾಟಿದ ಅಮೆರಿಕದ ಗಾಡಿಗಳೆಂದರೆ ಅವರಿಗೂ ಪ್ರಾಣ. ಪ್ರಶಾಂತನ ಗೆಳೆಯ ನಿತಿನ್ ಜೊತೆಗಿದ್ದು ಮಾತು ದಾಟಿಸಿದ. ಬಾನೆಟ್ ಎತ್ತಿದೊಡನೆ ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ: ಹೆಡರ್ಸ್ ಇರಲಿಯೋ, ಹಳೆಯ ಮ್ಯಾನಿಫೋಲ್ಡ್ ಕೂರಿಸಿ ಕೊಡುತ್ತೀರೋ? ನೀನು ಈ ಎರಡು ಹೆಸರು ಕೇಳಿ ಕೇಳಿ ಬೇಸತ್ತಿದ್ದೆ, ನನಗೆ ಗೊತ್ತು. ಆದರೂ ಹೇಳಲೇಬೇಕು. ಇಂಜಿನ್ನಿನ ಹೊಗೆ ಹೊರಬರುವ ಬಾಯಿಗೆ ಈ ಎರಡರಲ್ಲಿ ಒಂದನ್ನು ಕೂರಿಸುತ್ತಾರೆ. ಮ್ಯಾನಿಫೋಲ್ಡ್ ಬೀಡು ಕಬ್ಬಿಣದ ಒಂದೇ ಗಟ್ಟಿ ಅಚ್ಚು. ಒಂದು ಕಡೆಯ ನಾಲ್ಕು ಸಿಲಿಂಡರಿನ ಹೊಗೆ ಅದರ ಹೊಟ್ಟೆಗೆ ಸುರಿದು ನಿಧಾನಕ್ಕೆ ಹೋಗುತ್ತದೆ. ಭಾರ ಜಾಸ್ತಿ, ಆದರೆ ಸದ್ದು ನುಂಗುತ್ತದೆ, ಹತ್ತಾರು ವರ್ಷ ಅದರ ತಂಟೆಗೆ ಹೋಗಬೇಕಿಲ್ಲ. ಹೆಡರ್ಸ್ ಎಂದರೆ ಸಿಲಿಂಡರಿಗೊಂದರಂತೆ ಬೇರೆ ಬೇರೆ ಉಕ್ಕಿನ ಕೊಳವೆ. ಹೊಗೆ ಸಲೀಸಾಗಿ ಹೋಗುತ್ತದೆ, ಶಕ್ತಿ ಹೆಚ್ಚುತ್ತದೆ, ಗಾಡಿ ಗುಡುಗುತ್ತದೆ. ಆದರೆ ಬಿಸಿಗೆ ಬೋಲ್ಟು ಸಡಿಲಾಗುತ್ತದೆ, ನೋಡಿಕೊಳ್ಳುತ್ತಿರಬೇಕು. ಪ್ರಶಾಂತ ವರ್ಷವಿಡೀ ತೂಗಿ ನೋಡಿದ. ನೀನು ಮ್ಯಾನಿಫೋಲ್ಡ್ ಸಾಕು ಎಂದೆ, ನಿತಿನ್ನೂ ಹಾಗೇ ಅಂದನಂತೆ. ಕೊನೆಗೆ ಹೆಡರ್ಸೇ ಹಾಕು ಎಂದು ಯಾರೋ ಹೇಳಿದ್ದರು, ಜನವರಿಯಲ್ಲಿ ಹಾಕಿದ.

ಮೊರಿ ಸಾನ್‌ಗೆ ಹೆಡರ್ಸ್ ಬೇಕಿತ್ತು. ಸ್ಟಾರ್ಟ್ ಮಾಡಿ ಕೇಳಿ ಮಗುವಿನ ಹಾಗೆ ನಕ್ಕರು. ನಾನು ಆಗದು ಎಂದೆ. ಅವರು ಹೋದ ಮೇಲೆ ಶಟರ್ ಪೂರ್ತಿ ಮೇಲೆತ್ತಿ, ಮೂರು ದಿನ ಮಲಗಿ ಎದ್ದು ಮಲಗಿ ಎದ್ದು, ಎರಡೂ ಕಡೆಯ ಕೊಳವೆ ಕಳಚಿ ಹಳೆಯ ಮ್ಯಾನಿಫೋಲ್ಡುಗಳನ್ನು ಕೂರಿಸಿದೆ. ಅರವತ್ತೆಂಟರ ಪ್ರಾಯದಲ್ಲಿ ಒಬ್ಬನೇ, ಒಂದು ಬೋಲ್ಟೂ ಮುರಿಯದೆ. ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಈ ಕೆಲಸ ಮಾಡಿ ತೋರಿಸುವವನು ಇನ್ನೊಬ್ಬನಿಲ್ಲ, ಬರೆದಿಟ್ಟುಕೋ. ಹೆಡರ್ಸನ್ನು ಕಬ್ಬಿಣದ ಕಸದ ದಿನ ಹೊರಗಿಟ್ಟೆ. ಒಯ್ಯಲಿಲ್ಲ, ಚೀಟಿ ಅಂಟಿಸಿ ಬಿಟ್ಟುಹೋದರು. ತುಂಡುಗಳು ಒಂದು ಅಡಿಗಿಂತ ಉದ್ದ ಇರಬಾರದಂತೆ. ಗರಗಸ ಹಿಡಿದು ಕುಳಿತು ಒಂದೊಂದನ್ನೂ ಕೊಯ್ದೆ. ಗೇಣಿನಲ್ಲಿ ಅಳೆದು, ಅಂದವಾಗಿ ಜೋಡಿಸಿ ಇಟ್ಟೆ. ಮುಂದಿನ ವಾರ ಒಯ್ದರು. ಮೊರಿ ಸಾನ್ ಮನಸ್ಸಿದ್ದೋ ಇಲ್ಲದೆಯೋ ಮ್ಯಾನಿಫೋಲ್ಡಿನ ಗಾಡಿಯನ್ನೇ ಕೊಂಡುಹೋದರು. ಬೀದಿ ತಿರುಗುವಾಗ ಸದ್ದೇ ಇರಲಿಲ್ಲ. ಖಾಲಿ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದೆ.

ಈಗ ನಿನ್ನ ಪ್ರಶ್ನೆ. ಹಿಂದಿನ ರಾತ್ರಿ ನಿಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು, ‘ಆ ಗಾಡಿ ಜೊತೆಗೇ ಸಂಸಾರ ಮಾಡು’ ಎಂದು ನೀನು ಅಂದಿದ್ದೆ, ಬೆಳಿಗ್ಗೆ ಮಾತಾಡಿಸದೆ ಟೋಕಿಯೋ ಹತ್ತಿರದ ಗ್ಯೋಟೋಕುವಿನ ಗೆಳತಿಯ ಮನೆಯ ನಾಮಕರಣಕ್ಕೆ ಟ್ರೇನು ಹತ್ತಿದೆ. ಇದನ್ನೆಲ್ಲ ಅಕ್ಕನ ಮುಂದೆ ಹೇಳಿಕೊಂಡು ನೀನು ಅತ್ತಿದ್ದೆಯಂತೆ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಟ್ಟರೂ ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಓಡುತ್ತಿರುವ ಇಂಜಿನ್, ಮುಚ್ಚಿದ ಶಟರ್, ತುಂಬಿದ ಹೊಗೆ, ಒಳಗೆ ಅವನೊಬ್ಬನೇ.

ನಿನ್ನೆ ಪಕ್ಕದ ಮನೆಯ ಸಕಾಯಿ ಸಾನ್ ಬಂದಿದ್ದರು, ಆ ಬಾಗಿದ ಬೆನ್ನಿನ ಅಜ್ಜಿ. ನಿನ್ನೆಗೆ ನಲವತ್ತೊಂಬತ್ತನೆಯ ದಿನವಂತೆ, ಇಲ್ಲಿಯವರಿಗೆ ಸೂತಕ ಕಳೆಯುವ ದಿನ. ಅಲ್ಲಿಯವರೆಗೂ ಸಾವಿನ ಮನೆಗೆ ತೊಂದರೆ ಕೊಡಬಾರದೆಂದು ಕಾದಿದ್ದರಂತೆ. ಹೂರಣದ ಸಿಹಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟು, ನೆಲಕ್ಕೆ ಬಾಗಿದವರು ಏಳಲೇ ಇಲ್ಲ. ನಿತಿನ್ ಅವರ ಮಾತನ್ನು ಒಂದೊಂದಾಗಿ ಹೇಳಿದ. ಆ ಭಾನುವಾರ ಹತ್ತು ಗಂಟೆಗೆ ಪ್ರಶಾಂತ ಅವರ ಬಾಗಿಲಿಗೆ ಹೋಗಿದ್ದ. ಅಜ್ಜಿಯ ಗಂಡ ಆಸ್ಪತ್ರೆಯಿಂದ ಬಂದು ಎರಡೇ ದಿನವಾಗಿತ್ತು. ‘ಸುಮಿಮಾಸೆನ್, ಕ್ಷಮಿಸಿ, ಇವತ್ತು ಗಾಡಿ ಸ್ವಲ್ಪ ಗದ್ದಲ ಮಾಡುತ್ತೆ, ಅಜ್ಜನಿಗೆ ನಿದ್ದೆ ಕೆಡದ ಹಾಗೆ ಶಟರ್ ಮುಚ್ಚಿಕೊಳ್ತೀನಿ’ ಎಂದು ಕೈಮುಗಿದು ಬಂದಿದ್ದ. ಬೇಡ, ತೆರೆದೇ ಇರಲಿ ಎನ್ನಬೇಕಿತ್ತು, ಎನ್ನಲಿಲ್ಲ, ಎಂದು ಅಜ್ಜಿ ಮತ್ತೆ ಮತ್ತೆ ಬಾಗಿದರು. ಅಷ್ಟೇ ಕಣಮ್ಮ ಕಾರಣ. ಮುದುಕನೊಬ್ಬನ ನಿದ್ದೆ. ನಿತಿನ್ ಅತ್ತ. ನಾನು ಅಜ್ಜಿಗೆ ಕಾಫಿ ಮಾಡಿ ಕೊಟ್ಟೆ.

ಮನೆಯ ಬೀಗದ ಕೈ ಒಪ್ಪಿಸಿ ಹೊರಡುತ್ತೇನೆ. ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ಹೊತ್ತಿಗೆ ಸರಿಯಾಗಿ ಎರಡು ತುತ್ತು ಉಣ್ಣು.

ಇಂತಿ ನಿನ್ನ ಮಾಮ,
ಬಾಲಸುಬ್ರಹ್ಮಣ್ಯ

ಮರೆತದ್ದು: ಲಕೋಟೆಗೆ ಹಾಕಿದವನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲೆ ‘ಯಾರೋ ಹೇಳಿದ್ದರು’ ಎಂದಿದ್ದೇನೆ. ಯಾರೋ ಅಲ್ಲ, ನಾನು. ‘ಗಂಡಸಿನ ಗಾಡಿ ಗುಡುಗಬೇಕು ಕಣೋ, ಹೆಡರ್ಸ್ ಹಾಕು, ನಾನಿದ್ದೀನಿ’ ಎಂದಿದ್ದೆ. ಆ ಭಾನುವಾರ ನೀನು ಟ್ರೇನು ಹತ್ತಿದ ಮೇಲೆ ಪ್ರಶಾಂತ ನನಗೆ ಫೋನು ಮಾಡಿದ್ದ. ಹೇಗೆ ಪರೀಕ್ಷಿಸಬೇಕು ಎಂದು ಕೇಳಿದ. ‘ಅರ್ಧ ಗಂಟೆ ಓಡ್ಸು, ನಡುವೆ ನಿಲ್ಲಿಸ್ಬೇಡ, ಪಕ್ಕದಲ್ಲೇ ಕೂತು ಕಿವಿಗೊಡು, ಆರಿದ ಮೇಲೆ ಬೋಲ್ಟು ಬಿಗಿ’ ಎಂದೆ. ಬಾಗಿಲು ತೆಗೆದಿಡು ಎನ್ನಲಿಲ್ಲ. ಊರಿನ ನನ್ನ ರಿಪೇರಿ ಶೆಡ್ಡಿಗೆ ಬಾಗಿಲೇ ಇಲ್ಲ, ಅದು ನನಗೆ ಹೊಳೆಯಲೇ ಇಲ್ಲ. ಇಡುವ ಮೊದಲು ಅಂದ: ‘ಸಾಯಂಕಾಲ ಕಾತ್ಯಾನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಇದ್ರಲ್ಲೇ ಹೋಗ್ತೀನಿ ಮಾಮ, ಸಿಟ್ಟಲ್ಲಿದ್ದಾಳೆ.’ ಅವನು ಹೋದದ್ದಕ್ಕೂ ನಿನ್ನ ಮಾತಿಗೂ ಸಂಬಂಧವಿಲ್ಲ. ನನ್ನ ಮಾತಿಗೆ ಇದೆ. ಅಕ್ಕನಿಗೆ ಇನ್ನೂ ಹೇಳಿಲ್ಲ, ನಾನೇ ಬಂದು ಹೇಳುತ್ತೇನೆ. ಇಪ್ಪತ್ತಾರಕ್ಕೆ ಬೆಂಗಳೂರಿನಲ್ಲಿ ಇಳಿಯುತ್ತೇನೆ. ಕರೆದುಕೊಂಡು ಹೋಗಲು ಯಾರೂ ಬರುವುದು ಬೇಡ.