ಬೀಡಿನ ಹಂಚಿನ ತಕರಾರು ಇನ್ನೂ ಮುಗಿದಿಲ್ಲ

ದೊಡ್ಡವ್ವಾ,

ನೀನೀಗ ಇರುವಲ್ಲಿ ರೊಟ್ಟಿ ಯಾರು ಬಡಿಯುತ್ತಾರೋ ಗೊತ್ತಿಲ್ಲ. ಯಾರೇ ಬಡಿಯಲಿ, ನೀನು ಅವರ ಬೆನ್ನ ಹಿಂದೆ ನಿಂತು 'ಅಂಚು ದಪ್ಪಾತು, ನಡಕ ತೆಳ್ಳಗಾತು' ಎಂದು ಹೇಳುತ್ತಿರುತ್ತೀ ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಆ ಪುಣ್ಯಾತ್ಗಿತ್ತಿಗೆ ಸ್ವಲ್ಪ ಬಿಡುವು ಕೊಟ್ಟು ಈ ಕಾಗದ ಓದು. ನಮ್ಮಿಬ್ಬರ ತಕರಾರು ಒಂದು ಹಾಗೇ ಉಳಿದಿದೆ. ಅಷ್ಟು ದುಡ್ಡು ಸುರಿದು ಎರಕದ ಕಬ್ಬಿಣದ ಆ ಬೀಡಿನ ಹಂಚು ತಂದದ್ದು ಸರಿಯೋ ತಪ್ಪೋ? ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಜಗಳಾಡಿದೆವು. ತೀರ್ಪು ಹೇಳಬೇಕಾದವಳು ನೀನು. ಹೇಳದೆಯೇ ಎದ್ದು ಹೋದೆ. ಹೀಗೆ ಮಾಡಬಹುದೇ?

ನಿನ್ನ ತಗಡಿನ ಹಂಚು ತೂತು ಬಿದ್ದ ದಿನ ನೆನಪಿದೆಯೇ? ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ನಾವು ನವನಗರಕ್ಕೆ ಬಂದ ಹೊಸತು. ಅಲ್ಲಿಯ ಖಾನಾವಳಿಯನ್ನು ಇಲ್ಲಿ ಮುಂದಿನ ಕೋಣೆಯಲ್ಲಿ ಹೂಡಿದ್ದೆವು. ಗಿರಾಕಿಗಳು ಇನ್ನೂ ನಮ್ಮ ಮನೆ ಯಾವ ಸೆಕ್ಟರಿನಲ್ಲಿದೆ ಎಂದು ಹುಡುಕಾಡುತ್ತಿದ್ದರು. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಹಂಚಿನ ನಡುವೆ ಉರಿ ಇಣುಕಿತು. ನೀನು ಹಂಚನ್ನು ಎತ್ತಿ, ಆ ತೂತಿನಿಂದ ನನ್ನನ್ನೇ ನೋಡಿ ಹೇಳಿದೆ:

"ಮುಗೀತವಾ ಗಂಗೀ. ಊರು ನೀರಾಗ ಹೋತು, ಹಂಚು ಬೆಂಕ್ಯಾಗ ಹೋತು. ಇನ್ನ ಖಾನಾವಳಿ ಸಾಕು."

ನಿನಗೇನೋ ಸಾಕಾಗಿತ್ತು. ನನಗೆ? ವಿದ್ಯಾಗಿರಿಯ ಕಾಲೇಜಿನಲ್ಲಿ ಬಿ.ಎ. ಓದಲೆಂದು ತಂಗಿಯ ಮಗಳಾಗಿ ನಿನ್ನ ಮನೆಗೆ ಬಂದವಳು, ಇಂಗ್ಲಿಷಿನಲ್ಲಿ ಫೇಲಾಗಿ ರೊಟ್ಟಿಯಲ್ಲಿ ಪಾಸಾದವಳು ನಾನು. ಖಾನಾವಳಿ ಮುಚ್ಚಿದರೆ ಕುಳಗೇರಿ ಕ್ರಾಸಿನ ಆಚೆಯ ನಮ್ಮೂರಿಗೆ ಹೋಗಿ, ಅಣ್ಣನ ಮನೆಯಲ್ಲಿ ಅತ್ತಿಗೆ ಕೊಟ್ಟಷ್ಟು ಉಂಡು, ಹೇಳಿದಷ್ಟು ದುಡಿದು... ಅದನ್ನು ನಿನ್ನ ಮುಂದೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಳು ಬರುತ್ತಿತ್ತು, ನೀನು 'ಹಿಟ್ಟಿಗೆ ಉಪ್ಪು ಸಾಕು, ಕಣ್ಣೀರು ಬ್ಯಾಡ' ಎನ್ನುತ್ತಿದ್ದೆ.

ಅದೇ ವಾರ ನಾಗರಪಂಚಮಿಗೆ ಊರಿಗೆ ಹೊರಟಾಗ ನೀನು ಇಳಕಲ್ ಸೀರೆ ಕೊಳ್ಳೆಂದು ದುಡ್ಡು ಕೊಟ್ಟೆ. ಹಬ್ಬ ಮುಗಿಸಿ ತಿರುಗಿ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಕಾಯುತ್ತ ನಿಂತಿದ್ದೆ. ಎದುರಿಗೆ ಕಬ್ಬಿಣ ಸಾಮಾನಿನ ಅಂಗಡಿ. ನೇಗಿಲ ಕುಳಗಳ ನಡುವೆ ಒಂದು ಬೀಡಿನ ಹಂಚು ಒರಗಿ ಕೂತಿತ್ತು, ದೊಡ್ಡದು, ಕರ್ರಗೆ, ಯಾರ ಹಂಗೂ ಇಲ್ಲದಂತೆ. ಬೆಲೆ ಕೇಳಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಂಗಡಿಯವನು ಹೇಳಿದ, "ಕೊಲ್ಲಾಪುರದ ಬೀಡು ಐತ್ರಿ ಅಕ್ಕಾರ. ತೂತು ಬೀಳೂ ಮಾತ ಇಲ್ಲ. ನಿಮ್ಮ ಮೊಮ್ಮಕ್ಕಳು ಇದರ ಮ್ಯಾಲ ರೊಟ್ಟಿ ಸುಡ್ತಾರ." ಮದುವೆಯೇ ಆಗದವಳಿಗೆ ಮೊಮ್ಮಕ್ಕಳ ಆಸೆ ತೋರಿಸಿದ! ಆದರೆ ನನ್ನ ಕಿವಿಗೆ ಬಿದ್ದದ್ದು ಮೊಮ್ಮಕ್ಕಳಲ್ಲ, 'ತೂತು ಬೀಳುವುದಿಲ್ಲ' ಎಂಬ ಮಾತು. ಹಂಚು ತೂತು ಬಿದ್ದರೆ ತಾನೇ ನೀನು ಅಂಗಡಿ ಮುಚ್ಚುವುದು? ಸೀರೆಯ ದುಡ್ಡು ಅಲ್ಲೇ ಕೊಟ್ಟುಬಿಟ್ಟೆ. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಕಾಲಿನಿಂದ ಸರಿಸಲು ನೋಡಿ, ಆಗದೆ, "ಏನವಾ ಇದು, ನಮ್ಮ ಬಸ್ಸಿಂದ ಏನರೆ ಬಿಚ್ಚಿಕೊಂಡು ಹೊಂಟೀಯೇನು?" ಎಂದು ಕೇಳಿ ಲಗೇಜಿನ ಚೀಟಿ ಹರಿದ.

ನಾನು ಅದನ್ನು ಸೊಂಟದ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಹೊಸ್ತಿಲು ದಾಟಿದಾಗ ನೀನು ಹೀರೇಕಾಯಿ ಹೆಚ್ಚುತ್ತಿದ್ದೆ. ಸೀರೆ ಎಲ್ಲಿ ಎಂದು ಕೇಳಿದೆ. ತೋರಿಸಿದೆ.

"ಸೀರಿ ತರಾಕ ಹೋದಾಕಿ ಕಬ್ಬಿಣ ಹೊತಗೊಂಡು ಬಂದಾಳ! ಚೊಲೋ ಆತು. ಬರೂ ಪಂಚಮಿಗೆ ಇದನ್ನ ಉಟಗೋ. ಸೆರಗು ಹೊಚ್ಚಿಕೊಳ್ಳಾಕ ಇನ್ನೊಂದು ತಗೊಂಡು ಬಾ."

ಆಮೇಲೆ ನೀನೇ ಅದರ ಹಿಡಿ ಹಿಡಿದು ಎತ್ತಿ ನೋಡಿದೆ. ತೂಕ ನಿನ್ನ ಕೈಗೆ ಹಿಡಿಸಿತು ಎಂದು ನನಗೆ ಗೊತ್ತಾಯಿತು. ಆದರೂ ಕರಾರು ಹಾಕಿದೆ: "ದಸರಾತನ ನಡೀಲಿ. ನನ್ನ ತಗಡಿನ ಹಂಚಿನ ಮ್ಯಾಲಿನ ರೊಟ್ಟಿಗಿಂತ ಇದರ ಮ್ಯಾಲಿಂದು ಚೊಲೋ ಆತಂದ್ರ ನಾನ ಬಾಯಿಬಿಟ್ಟು ಹೇಳ್ತೇನಿ, ಖಾನಾವಳಿ ನಿಂದು. ಆಗಲಿಲ್ಲಂದ್ರ ಬಾಗಲಾ ಹಾಕೂದು."

ಮೊದಲ ದಿನ ಹಂಚು ಕಾಯಲು ತೆಗೆದುಕೊಂಡ ಹೊತ್ತನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ನಾನು ಹಿಟ್ಟು ನಾದಿ ಮುಗಿಸಿದೆ, ಕಾಯಲಿಲ್ಲ. ಪಲ್ಯ ಒಗ್ಗರಣೆ ಹಾಕಿದೆ, ಕಾಯಲಿಲ್ಲ. ಗಿರಾಕಿಗಳು ಉಳ್ಳಾಗಡ್ಡಿ, ಚಟ್ನಿಪುಡಿಯನ್ನೇ ತಿಂದು ಮುಗಿಸಿದರು. ನೀನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಇನ್ನೊಂದೀಟು ಕುಂದರ್ರಿ, ಹಂಚು ಇನ್ನ ಕುಳಗೇರಿ ಕ್ರಾಸಿನಾಗ ಐತಿ" ಎಂದೆ. ಕೊನೆಗೂ ಕಾಯಿತು. ಮೊದಲ ರೊಟ್ಟಿ ಬಡಿದು ಹಾಕಿ, ನೀರು ಸವರಿ, ಮಗುಚಿದೆ. ಪುರಿಯ ಹಾಗೆ ಉಬ್ಬಿತು. ನಿನ್ನ ತಾಟಿಗೆ ಹಾಕಿ ಕೇಳಿದೆ, ಹ್ಯಾಂಗಾಗೇತಿ? ನೀನು ಮುರಿದೆ, ಪುಂಡಿಪಲ್ಯ ಹಚ್ಚಿದೆ, ಅಗಿದೆ, ನುಂಗಿದೆ.

"ಬಿಸಿ ಐತಿ."

ಇಷ್ಟೇ. ಬಿಸಿ ಇದೆಯಂತೆ! ಒಲೆಯ ಮೇಲಿಂದ ಇಳಿದದ್ದು ಬಿಸಿ ಇರದೆ ಇನ್ನೇನಿರುತ್ತದೆ?

ನಿಜವಾದ ಯುದ್ಧ ಶುರುವಾದದ್ದು ಮರುದಿನ. ಅಂಗಡಿಯವನು ನನಗೆ ಸಾರಿ ಸಾರಿ ಹೇಳಿದ್ದ: ಬೀಡಿನ ಹಂಚನ್ನು ತಿಕ್ಕಿ ತೊಳೆಯಬಾರದು, ಒರೆಸಿ, ಎಣ್ಣೆ ಸವರಿ ಇಡಬೇಕು. ನಾನು ಹಾಗೇ ಉಳ್ಳಾಗಡ್ಡಿ ಹೋಳಿನಿಂದ ಎಣ್ಣೆ ತಿಕ್ಕಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹಂಚು ಬೂದುಬಣ್ಣಕ್ಕೆ ತಿರುಗಿತ್ತು, ಮೇಲೆ ಕೆಂಪಗೆ ತುಕ್ಕು. ಮತ್ತೆ ಕಾಯಿಸಿ ಎಣ್ಣೆ ಸವರಿದೆ. ಮರುದಿನ ಮತ್ತೆ ಅದೇ ಕತೆ. ಹಂಚಿನದೇ ಜಾತಿ ಕೆಟ್ಟದ್ದು, ಮೋಸಹೋದೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ನೀನು ಏನೂ ಅರಿಯದವಳಂತೆ ಜೋಳ ಹಸನು ಮಾಡುತ್ತಿದ್ದೆ.

ಅದನ್ನು ಬಯಲಿಗೆ ಎಳೆದವನು ಈರಪ್ಪಣ್ಣ. ಇಳಕಲ್ಲಿನಿಂದ ಸೀರೆಯ ಗಂಟು ಹೊತ್ತು ಪ್ರತಿ ಮಂಗಳವಾರ ಬಾಗಲಕೋಟೆಗೆ ಬಂದು, ಅಂಗಡಿಗಳಿಗೆ ಹಾಕಿ, ನಮ್ಮಲ್ಲಿ ಉಂಡು ಹೋಗುತ್ತಿದ್ದ ಹಳೇ ಗಿರಾಕಿ. ಅವನು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅಂಚಿನ ಸುತ್ತ ತುಕ್ಕಿನ ಕೆಂಪು ಗೆರೆ.

"ಅವ್ವಾರ, ಸೀರಿಗೆ ದಡಿ ನಾವು ಹಾಕ್ತೀವಿ ಅಂತ ತಿಳಿದಿದ್ದೆ. ನೀವು ರೊಟ್ಟಿಗೂ ಹಾಕಾಕತ್ತೀರಲ್ರಿ! ಬಣ್ಣ ಬಿಡೂದಿಲ್ಲ ಹೌದಲ್ಲ?"

ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರೇ ಬಂತು. ಈ ಹಂಚು ದಿನಾ ಯಾಕೆ ಹೀಗಾಗುತ್ತದೋ ಎಂದು ನಾನು ಅನ್ನುತ್ತಿದ್ದಂತೆ ನೀನು ಸಹಜವಾಗಿ ಹೇಳಿದೆ, "ಯಾಕ, ನಾ ದಿನಾ ಬೂದಿ ಹುಣಸಿಹಣ್ಣು ಹಚ್ಚಿ ಝಳಝಳ ತಿಕ್ಕಿ ಇಡ್ತೇನಲ್ಲ." ನಾನು ಚೀರಿದೆ. ನೀನೂ ಚೀರಿದೆ. ಕೂಳು ಮುಟ್ಟಿದ ಪಾತ್ರೆ ತೊಳೆಯದೆ ಇಟ್ಟರೆ ಅದು ಮುಸುರೆ. ಮುಸುರೆ ಪಾತ್ರೆ ಮನೆಯಲ್ಲಿದ್ದರೆ ನಿನಗೆ ನಿದ್ದೆ ಬರುವುದಿಲ್ಲ. ನನ್ನ ಹತ್ತಿರವೂ ಒಂದು ಅಸ್ತ್ರವಿತ್ತು. "ನಮ್ಮ ಧರ್ಮದಾಗ ಸೂತಕನ ಇಲ್ಲ, ಎಂಜಲ ಇಲ್ಲ ಅಂತ ದಿನಾ ನೀನ ಹೇಳ್ತಿ. ಮನಷ್ಯಾಗ ಇಲ್ಲದ್ದು ಹಂಚಿಗೆ ಎಲ್ಲಿಂದ ಬಂತು?" ಎಂದೆ. ನೀನು ಸೊಂಟದ ಮೇಲೆ ಕೈಯಿಟ್ಟು ಹೇಳಿದೆ:

"ಶರಣರು ಸೂತಕ ಬಿಡ್ರಿ ಅಂದಾರ. ಭಾಂಡೆ ತಿಕ್ಕಬ್ಯಾಡ್ರಿ ಅಂದಾರೇನು?"

ಈರಪ್ಪಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ನಿನಗೆ ಕೈಮುಗಿದ. ನಾನು ಸೋತೆ.

ಆಮೇಲೆ ಆದ ರಾಜಿಯನ್ನು ನೆನೆದರೆ ನಗು ಬರುತ್ತದೆ. ವಾರವೆಲ್ಲ ಹಂಚು ನನ್ನದು, ಒರೆಸಿ ಎಣ್ಣೆ ಹಚ್ಚಿ ಇಡುವುದು. ಸೋಮವಾರ ಮಾತ್ರ ನಿನ್ನದು. ಅಂದು ನೀನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಉಳಿದ ಬೂದಿಯನ್ನೆಲ್ಲ ಹಂಚಿಗೆ ಬಳಿದು, ವಾರದ ಕಸರನ್ನೆಲ್ಲ ತೀರಿಸಿಕೊಂಡು ತಿಕ್ಕುತ್ತಿದ್ದೆ. ಮಂಗಳವಾರ ಪೂರ್ತಿ ನಾನು ಅದನ್ನು ಸರಿದಾರಿಗೆ ತರಲು ಹೆಣಗುತ್ತಿದ್ದೆ. ಈ ಒಪ್ಪಂದ ತಿಳಿದ ಈರಪ್ಪಣ್ಣ ಬಾಗಲಕೋಟೆಗೆ ಬರುವ ದಿನವನ್ನೇ ಬುಧವಾರಕ್ಕೆ ಬದಲಿಸಿಕೊಂಡ. ನೇಕಾರರು, ಅಂಗಡಿಯವರು, ಎಲ್ಲರೂ ನಮ್ಮ ಹಂಚಿನ ವಾರಕ್ಕೆ ತಕ್ಕಂತೆ ತಮ್ಮ ಲೆಕ್ಕ ಹೊಂದಿಸಿಕೊಂಡರು. ಒಂದು ಹಂಚು ಇಷ್ಟು ಜನರನ್ನು ಕುಣಿಸುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೇ?

ಆ ದಸರಾ ಬಂತು. ಬನ್ನಿ ಕೊಟ್ಟು ನಿನ್ನ ಕಾಲಿಗೆ ಬಿದ್ದು, ಈಗ ಹೇಳು ಎಂದೆ. ನೀನು ಆಕಾಶ ನೋಡಿ, "ಈ ಸಲ ಜೋಳ ಹೊಸಾವು. ಹಳೇ ಜೋಳದ್ದು ನೋಡದ ಹ್ಯಾಂಗ ಹೇಳಲಿ? ಬರೂ ದಸರಾಕ್ಕ ನೋಡೂಣು" ಎಂದೆ. ಮುಂದಿನ ದಸರಾಕ್ಕೆ ಗ್ಯಾಸಿನ ಉರಿ ಸರಿಯಿಲ್ಲ ಎಂದೆ. ಅದರ ಮುಂದಿನದಕ್ಕೆ ಹಲ್ಲು ನೋಯುತ್ತದೆ, ರುಚಿ ತಿಳಿಯುವುದಿಲ್ಲ ಎಂದೆ. ಬಾಗಿಲು ಹಾಕಲೂ ಇಲ್ಲ, ಖಾನಾವಳಿ ನಿನ್ನದು ಅನ್ನಲೂ ಇಲ್ಲ. ದಿನಾ ಎರಡು ರೊಟ್ಟಿ ತಿಂದು 'ಬಿಸಿ ಐತಿ' ಎಂದು ಎದ್ದು ಹೋಗುತ್ತಿದ್ದೆ. ಒಮ್ಮೊಮ್ಮೆ ನಿನ್ನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ... ಇರಲಿ ಬಿಡು.

ಹೋದ ತಿಂಗಳು ನೀನು ಜೋಳ ಹಸನು ಮಾಡುತ್ತ ಕೂತವಳು ಹಾಗೇ ಗೋಡೆಗೆ ಒರಗಿದೆ. ಮೊರ ತೊಡೆಯ ಮೇಲೇ ಇತ್ತು. ಎಲ್ಲ ಮುಗಿದು, ನಿನ್ನ ಹೆಸರಿನಲ್ಲಿ ಊಟ ಹಾಕಿದ ದಿನ ಓಣಿಯ ಹೆಂಗಸರೆಲ್ಲ ಬಂದು ನಮ್ಮ ಅಡುಗೆಮನೆಯಲ್ಲೇ ರೊಟ್ಟಿ ಮಾಡಿದರು. ಸಂಜೆ ನಾನು ಒಳಗೆ ಹೋದರೆ ಹಂಚು ಬೆಳ್ಳಗೆ ಹೊಳೆಯುತ್ತ ಗೋಡೆಗೆ ಒರಗಿ ನಿಂತಿತ್ತು. "ಭಾಳ ಕರ್ರಗ ಆಗಿತ್ತವಾ, ಮೂರು ಮಂದಿ ಕೂಡಿ ತಿಕ್ಕೇವಿ ನೋಡು" ಎಂದು ಅವರು ಹೆಮ್ಮೆಯಿಂದ ಹೇಳಿದರು. ಬೇರೆ ದಿನವಾಗಿದ್ದರೆ ಊರು ಒಂದು ಮಾಡುತ್ತಿದ್ದೆ. ಅಂದು ಅದರ ಮುಂದೆ ಕುಕ್ಕರಿಸಿ ಕೂತು ಗಳಗಳ ಅತ್ತೆ. ಹೆಂಗಸರು ಗಾಬರಿಯಾಗಿ, ಇನ್ನೇನು ಉಳಿದಿದೆಯೋ ಎಂದು ಮತ್ತೊಮ್ಮೆ ತಿಕ್ಕಲು ಹೊರಟಿದ್ದರು.

ಅಂದಿನಿಂದ ಬಾಗಿಲು ತೆರೆದಿಲ್ಲ. ಅಣ್ಣ ಬಂದು, ಸಾಮಾನು ಕಟ್ಟು, ಊರಿಗೆ ನಡಿ ಎಂದ. ಆಯಿತು ಎನ್ನಲೂ ನಾಲಿಗೆ ಹೊರಳಲಿಲ್ಲ, ಆಗುವುದಿಲ್ಲ ಎನ್ನಲು ನಿನ್ನ ಹುಕುಮು ನನ್ನ ಹತ್ತಿರ ಇರಲಿಲ್ಲ. ನಿನ್ನೆ ಬುಧವಾರ. ಈರಪ್ಪಣ್ಣ ಮುಚ್ಚಿದ ಬಾಗಿಲು ತಟ್ಟಿ ಒಳಗೆ ಬಂದು ಕೂತ. ನಾನು ಎಲ್ಲ ಹೇಳಿದೆ. ಕರಾರು, ದಸರಾ, ಎಲ್ಲ. ನಿಮ್ಮ ಮುಂದಾದರೂ ದೊಡ್ಡವ್ವ ಯಾವಾಗಲಾದರೂ ರೊಟ್ಟಿ ಚೊಲೋ ಆಗೇತಿ ಅಂದಿದ್ದಳೇ ಎಂದು ಕೇಳಿದೆ. ಅವನು ಸೀರೆಯ ಗಂಟನ್ನು ಪಕ್ಕಕ್ಕೆ ಸರಿಸಿಟ್ಟ.

"ಇಲ್ಲವಾ. ಒಮ್ಮಿನೂ ಅಂದಿಲ್ಲ. ಅಂದಿದ್ರು ಅಂತ ಬೇಕಾದ್ರ ಸುಳ್ಳು ಹೇಳ್ತೇನಿ. ಹೇಳಲಿ?"

ಇಷ್ಟು ದಿನಗಳಲ್ಲಿ ಮೊದಲ ಸಲ ನಕ್ಕೆ ದೊಡ್ಡವ್ವಾ. ಅವನಿಗೆ ಚಹಾ ಮಾಡಿಕೊಟ್ಟೆ. ಸುಳ್ಳು ಬೇಡ ಎಂದೆ.

ತೀರ್ಪನ್ನು ನಾನೇ ಬರೆಯುತ್ತೇನೆ, ಕೇಳು. ನಿನ್ನ ಹಂಚಿನ ರೊಟ್ಟಿಗಿಂತ ಈ ಹಂಚಿನ ರೊಟ್ಟಿ ರುಚಿಯೇನೂ ಅಲ್ಲ. ರುಚಿ ನಿನ್ನ ಕೈಯದು, ಅದು ಖರೆ. ಒಬ್ಬಿಬ್ಬರ ಮನೆಗೆ ಇಷ್ಟು ದುಡ್ಡಿನ ಹಂಚು ತರುವುದು ದಂಡ. ಕಾಯುವಷ್ಟರಲ್ಲಿ ಹಸಿವೆಯೇ ಇಂಗಿಹೋಗುತ್ತದೆ. ಆದರೆ ಒಮ್ಮೆ ಕಾದರೆ, ಕೊನೆಯ ಗಿರಾಕಿಗೂ ಮೊದಲಿನವನಿಗೆ ಸಿಕ್ಕಂಥದೇ ರೊಟ್ಟಿ ಸಿಗುತ್ತದೆ. ನಡು ಹೊತ್ತುವುದಿಲ್ಲ, ಅಂಚು ಹಸಿ ಉಳಿಯುವುದಿಲ್ಲ. ಖಾನಾವಳಿ ನಡೆಸುವವಳಿಗೆ ಅದು ಬೇಕು. ಹಾಗಾಗಿ ದುಡ್ಡು ದಂಡವಾಗಲಿಲ್ಲ. ಸೀರೆ ಹೋದದ್ದಕ್ಕೆ ಮಾತ್ರ ಇನ್ನೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಇವತ್ತು ಹಂಚಿನ ತುಕ್ಕು ತೆಗೆದು, ಮೂರು ಸಲ ಕಾಯಿಸಿ, ಎಣ್ಣೆ ಕುಡಿಸಿದ್ದೇನೆ. ಅಣ್ಣನಿಗೆ ನಾನು ಬರುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ. ಬದನೆಕಾಯಿ ತಂದಿಟ್ಟಿದ್ದೇನೆ. ನಾಳೆ ಮಧ್ಯಾಹ್ನದಿಂದ ಖಾನಾವಳಿ ಶುರು ದೊಡ್ಡವ್ವಾ. ನೀನು ಹೇಳಿದ್ದರಿಂದಲ್ಲ, ನಾನು ಅಂದುಕೊಂಡದ್ದರಿಂದ. ಬೇಡ ಅನ್ನುವುದಿದ್ದರೆ ಅಷ್ಟರೊಳಗೆ ನೀನೇ ಬಂದು ಹೇಳು. ಬಂದವಳು ಹಾಗೇ ಹೋಗಬೇಡ, ಉಂಡು ಹೋಗು.

ನಿನ್ನ ಗಂಗಿ