ನಲವತ್ತೊಂದನೇ ನಿಯಮ

ಮನೆ, ಮೂರನೇ ಮಹಡಿ
ಹತ್ತನೇ ತಾರೀಕು, ಮಂಗಳವಾರ

ಪ್ರೀತಿಯ ತಮ್ಮಾ, ನನ್ನ ಅನುಮಾನಪ್ಪಾ,

ನಿಮ್ಮಣ್ಣ ಹೋಗಿಬಿಟ್ಟ ಕಣೋ! ಹೌಹಾರಬೇಡ, ಕಣ್ಣು ತೋರಿಸೋಕೆ ಆಸ್ಪತ್ರೆಗೆ ಹೋಗಿದ್ದೆ, ಅಷ್ಟೇ. ಸತ್ತವನು ಇಷ್ಟು ಸೊಟ್ಟಗೆ ಬರೀತಾನಾ? ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಬಿಡು, ಲಿಫ್ಟ್ ಹತ್ತು ಅಂತ ಹೇಳೋ ಮುಖ ನನಗಿಲ್ಲ.

ಹೌದು, ಅದೇ ಆಸ್ಪತ್ರೆ. ಅಲ್ಲಿಯ ಲಿಫ್ಟ್ ಯಾವಾಗ ನಿಲ್ಲಬೇಕು, ಯಾವಾಗ ಬಾಗಿಲು ತೆರೀಬೇಕು ಅನ್ನೋ ನಿಯಮಗಳನ್ನ ನಾನು ಬರೆದು, ನೀನು ಪರೀಕ್ಷಿಸಿ, ಸಾಫ್ಟ್‌ವೇರ್ ಮಾಡೋರಿಗೆ ಕೊಡ್ತಿದ್ವಲ್ಲ, ಅದೇ. ತಿಂಗಳಿಗೊಂದು ಹೊಸ ಬೇಡಿಕೆ. "ಒಂದೇ ಸಾಲು ಕಣೋ, ಬೇಗ ನೋಡು" ಅಂತ ನಾನು. "ಸಾಲು ಒಂದೇ ಅಣ್ಣಾ, ಆದ್ರೆ ಹಳೇದೆಲ್ಲದರ ಜೊತೆಗೂ ಅದು ಸಂಸಾರ ಮಾಡ್ಬೇಕು" ಅಂತ ನೀನು. ಒಂದೊಂದು ನಿಯಮವೂ ಒಂದೊಂದು ಸ್ವಿಚ್ ಇದ್ದ ಹಾಗೆ, ಹತ್ತು ಸ್ವಿಚ್ ಇದ್ರೆ ಸಾವಿರ ಸಂದರ್ಭ, ಇಪ್ಪತ್ತಿದ್ರೆ ಹತ್ತು ಲಕ್ಷ, ಒಂದೊಂದು ಸೇರಿದಾಗಲೂ ಕೆಲಸ ಇಮ್ಮಡಿ ಅಂತ ಲೆಕ್ಕ ಹಾಕಿ ತೋರಿಸ್ತಿದ್ದೆ ನೀನು. ನಿಯಮದೊಳಗೇ ಯಮ ಕೂತಿದ್ದಾನೆ ಬಿಡೋ ಅಂತ ನಾನು ನಗ್ತಿದ್ದೆ. ನಿನ್ನನ್ನ ಸೋಲಿಸೋಕೆ ಪ್ರತಿ ಪಟ್ಟಿಯಲ್ಲೂ ಒಂದು ತರಲೆ ನಿಯಮ ಬಚ್ಚಿಡ್ತಿದ್ದೆ. ನೀನು ಬಿಡದೆ ಹಿಡಿದು, ಕೆಂಪು ಗೆರೆ ಎಳೆದು, ಪಕ್ಕದಲ್ಲೊಂದು ಕತ್ತೆ ಚಿತ್ರ ಬಿಡಿಸ್ತಿದ್ದೆ.

ಈಗ ಆ ಕೆಲಸ ಮಾಡೋ ಹುಡುಗಿ ಲಿಫ್ಟ್ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದಳು, ನಾನ್ಯಾರು ಅಂತ ಹೇಳಿ ಮಾತಿಗೆಳೆದೆ. ನಿಯಮ ಅರವತ್ತಮೂರು ಆಗಿವೆಯಂತೆ, ಒಂದು ಬದಲಾದ್ರೆ ಅವಳ ಕಂಪ್ಯೂಟರೂ ಎರಡು ದಿನ ಏದುಸಿರು ಬಿಡುತ್ತಂತೆ. ಹೊಸಬರಿಗೆ ಕಲಿಸೋಕೆ ನಿನ್ನ ಸಹಿ ಇರೋ ಕೊನೇ ಪಟ್ಟಿ ಇಟ್ಕೊಂಡಿದ್ದಾಳೆ, ತಪ್ಪಿನ ಪಾಠ ಅಂತ. ಒಂಬತ್ತನೇ ನಿಯಮ: ಸ್ಟ್ರೆಚರ್ ಕೀಲಿ ಹಾಕಿದ್ರೆ ಲಿಫ್ಟ್ ಮೇಲಕ್ಕೇ ಹೋಗಬೇಕು. ನಲವತ್ತೊಂದನೇದು: ಬೆಂಕಿ ಗಂಟೆ ಹೊಡೆದ್ರೆ ಕೆಳಕ್ಕೇ ಇಳೀಬೇಕು. ಆ ದಿನ ಗಂಟೆ ಸುಮ್ಮನೆ ಹೊಡ್ಕೊಂಡಿತ್ತು, ಬೆಂಕಿಯೇ ಇರಲಿಲ್ಲ. ಸ್ಟ್ರೆಚರ್ ಕೀಲಿ ಮಾತ್ರ ನಿಜವಾಗಿಯೂ ಹಾಕಿತ್ತು, ಲಿಫ್ಟ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳೀಲಿಲ್ಲ. ಹನ್ನೊಂದು ನಿಮಿಷ ಮಹಡಿಗಳ ಮಧ್ಯೆ ಸಿಕ್ಕಿಕೊಂಡ, ಸ್ಟ್ರೆಚರ್ ಮೇಲಿದ್ದ ಆ ಅಜ್ಜಿ ಬದುಕಿದಳು, ಮಾತು ಮರಳಿ ಬರಲಿಲ್ಲ. "ಹಿಂದಿನ ಪಟ್ಟಿಗಳಲ್ಲೆಲ್ಲ ಕತ್ತೆ ಇದೆ, ಇದರಲ್ಲಿ ಯಾಕಿಲ್ಲ ತಾತ?" ಅಂದಳು ಹುಡುಗಿ. ನಾನು ಅವಳ ಹತ್ತಿರ ಒಂದು ಖಾಲಿ ಹಾಳೆ ಇಸ್ಕೊಂಡೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ಮಂಡಿ ಸಮೇತ ನೂರು ವರ್ಷ ಬಾಳು.

ನಿನ್ನ
ತರಲೆ ಅಣ್ಣ

ಮರೆತ ವಿಷಯ: ಮರೆತಿದ್ದೆ ಅಂದ್ರೆ ಸುಳ್ಳಾಗುತ್ತೆ. ನಿನ್ನೆ ಆ ಹುಡುಗಿಗೆ ಬರೆದುಕೊಟ್ಟೆ, ಇವತ್ತು ನಿನಗೆ. ನೀನು ನೋಡಿದ ಪಟ್ಟಿಯಲ್ಲಿ ಇದ್ದದ್ದು ನಲವತ್ತೇ. ನಿನ್ನ ಸಹಿ ಆದ ಮೇಲೆ, ಸಹಿಯ ಮೇಲಿನ ಖಾಲಿ ಜಾಗದಲ್ಲಿ ಇನ್ನೊಂದು ಸೇರಿಸಿದ್ದು ನಾನು, ಬೆಳಿಗ್ಗೆ ತೋರಿಸಿ ಗೆದ್ದೆ ಅಂತ ಕುಣಿಯೋಕೆ. ಬೆಳಿಗ್ಗೆ ಬರೋಷ್ಟರಲ್ಲಿ ಪಟ್ಟಿ ಸಾಫ್ಟ್‌ವೇರ್ ಮಾಡೋರ ಕೈಗೆ ಹೋಗಿಬಿಟ್ಟಿತ್ತು. ವಿಚಾರಣೆಯಲ್ಲಿ ನೀನು ನಿನ್ನ ಮೇಲೇ ಅನುಮಾನಪಟ್ಟು "ನಾನೇ ಸರಿಯಾಗಿ ನೋಡಿಲ್ಲವೇನೋ" ಅಂದೆಯಲ್ಲ, ಆಗ ಪಕ್ಕದ ಕುರ್ಚಿಯಲ್ಲಿ ಕೂತು, ಹೌದು ಅಂತ ತಲೆಯಾಡಿಸಿದವನೂ ನಾನೇ.